ಗೊರಕೆ, ರಾತ್ರಿ ಪಾಳಿ ಮತ್ತು ಕ್ರಿಯಾಟಿನಿನ್ 1.4

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷಗಳಿಂದ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದಾರೆ. ವಾರಕ್ಕೊಂದು ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲಿನಲ್ಲಿ ನಾಲ್ಕು ತಾಸು ಮಲಗಿದರೆ ಹೆಚ್ಚು. ಹಗಲು ಪಾಳಿಯ ವಾರದಲ್ಲೂ ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುತ್ತಾರೆ. ಕಳೆದ ತಿಂಗಳು ರಾತ್ರಿ ಪಾಳಿ ಮುಗಿಸಿ ನೇರವಾಗಿ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ 1.4 ಬಂದಿದೆ. ಬಿಪಿ 150/96 ಇತ್ತು. ಸಕ್ಕರೆ ಕಾಯಿಲೆ ಇಲ್ಲ ಎಂದರು. ನಿದ್ದೆಗೆಟ್ಟೇ ಕಿಡ್ನಿ ಹಾಳಾಗಿದೆ, ಕೆಲಸ ಬಿಡಿಸು ಎಂದು ಅತ್ತೆ ಹೇಳುತ್ತಿದ್ದಾರೆ. ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಸರಿಹೋಗುತ್ತದೆ ಎಂದು ಜೊತೆಗೆ ಕೆಲಸ ಮಾಡುವವರು ಹೇಳಿದ್ದಾರೆ. ಮಲಗಿದರೆ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಗೊರಕೆ ಬಹಳ, ಮಕ್ಕಳು ಪಕ್ಕದ ಕೋಣೆಗೆ ಹೋಗಿ ಮಲಗುತ್ತಾರೆ. ಮೈಕೈ ನೋವಿಗೆ ಆಗಾಗ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾನು ಏನು ಮಾಡಲಿ?
— ಕೊಪ್ಪಳ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿದ್ದೆಯ ಸಂಗತಿಯನ್ನು ಮೊದಲು ಹೇಳಿ, ಗೊರಕೆಯನ್ನೂ ನೋವಿನ ಮಾತ್ರೆಯನ್ನೂ ಕೊನೆಯಲ್ಲಿ, ಏನೋ ನೆನಪಾಯಿತು ಎಂಬಂತೆ ಸೇರಿಸಿದ್ದೀರಿ. ಬಳ್ಳಾರಿಯಲ್ಲಿ ನನ್ನ ಕೋಣೆಗೆ ಬರುವವರಲ್ಲೂ ಇದನ್ನು ನಿತ್ಯ ಕಾಣುತ್ತೇನೆ. ಎಲ್ಲ ಹೇಳಿ ಮುಗಿಸಿ ಬಾಗಿಲವರೆಗೆ ಹೋದವರು ಅಲ್ಲಿಂದ ತಿರುಗಿ ಹೇಳುವ ಒಂದು ಮಾತಿನಲ್ಲೇ ಎಷ್ಟೋ ಸಲ ಕಾಯಿಲೆಯ ಬೇರು ಇರುತ್ತದೆ. ನಿಮ್ಮ ಪತ್ರದ ಕೊನೆಯ ಮೂರು ಸಾಲುಗಳು ನನಗೆ ಮೊದಲಿನವುಗಳಿಗಿಂತ ಮುಖ್ಯವಾಗಿ ಕಂಡವು. ಅಲ್ಲಿಗೆ ಬರುವ ಮೊದಲು 1.4 ಎಂಬ ಅಂಕಿಯ ಭಯವನ್ನು ಸ್ವಲ್ಪ ಇಳಿಸುತ್ತೇನೆ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳಲ್ಲಿ ಹುಟ್ಟಿ, ಕಿಡ್ನಿ ಸೋಸಿ ಹೊರಹಾಕುವ ಕಸ. ಕಿಡ್ನಿ ಸೋಸುವುದು ತಗ್ಗಿದರೆ ರಕ್ತದಲ್ಲಿ ಅದು ಏರುತ್ತದೆ. 38 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.4 ಇದ್ದರೆ, ಈಗ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಕಿಡ್ನಿಯ ಸೋಸುವ ವೇಗ, ಅಂದರೆ ವರದಿಯಲ್ಲಿ ಇಜಿಎಫ್‌ಆರ್ ಎಂದು ಬರೆದಿರುವುದು, ಸುಮಾರು 66 ಆಗುತ್ತದೆ. ಆ ವಯಸ್ಸಿಗೆ ಇದು ಕಡಿಮೆಯೇ. ಆದರೆ ಕಿಡ್ನಿ ಹಾಳಾಗಿದೆ ಎಂದು ಹೇಳಲು ಇಷ್ಟು ಸಾಲದು. ಈ ಅಂಕಿ 60ಕ್ಕಿಂತ ಕೆಳಗಿರಬೇಕು, ಇಲ್ಲವೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೊಟೀನ್ ಸೋರುತ್ತಿರಬೇಕು ಅಥವಾ ಕಿಡ್ನಿಗೆ ಪೆಟ್ಟಾಗಿರುವ ಬೇರೆ ಗುರುತು ಸಿಗಬೇಕು. ಅದೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ಇರಬೇಕು. ಆಗ ಮಾತ್ರ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ನಿಮ್ಮ ಯಜಮಾನರು ಕೊಟ್ಟ ರಕ್ತವಾದರೂ ಎಂತಹ ಹೊತ್ತಿನದು? ಎಂಟು ತಾಸು ಕುಲುಮೆಯ ಬಿಸಿಯಲ್ಲಿ ಬೆವರಿ, ನಿದ್ದೆಯಿಲ್ಲದೆ ನೇರವಾಗಿ ಬಂದು ಕೊಟ್ಟದ್ದು. ದೇಹದಲ್ಲಿ ನೀರಿನಂಶ ಇಳಿದಾಗ ಕ್ರಿಯಾಟಿನಿನ್ ಏರುತ್ತದೆ. ಹಿಂದಿನ ಊಟದಲ್ಲಿ ಮಾಂಸ ಹೆಚ್ಚಿದ್ದರೂ ಏರುತ್ತದೆ. ಕಸುವಿನ ಕೆಲಸ ಮಾಡಿ ಸ್ನಾಯು ತುಂಬಿಕೊಂಡವರಲ್ಲಿ ಅದು ಮೊದಲಿನಿಂದಲೇ ತುಸು ಹೆಚ್ಚಿರುತ್ತದೆ. ಆದ್ದರಿಂದ ವಾರದ ರಜೆಯ ಮರುದಿನ, ಚೆನ್ನಾಗಿ ಮಲಗಿ ನೀರು ಕುಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಜೊತೆಗೆ ಬೆಳಗಿನ ಮೂತ್ರದಲ್ಲಿ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತವನ್ನು ನೋಡಿಸಲೇಬೇಕು. ಇದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ನೆಮ್ಮದಿ. ಜನ ಕ್ರಿಯಾಟಿನಿನ್ ಒಂದನ್ನೇ ಹಿಡಿದುಕೊಂಡು ಕೂರುತ್ತಾರೆ. ಅದು ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಬಹಳಷ್ಟು ಹೋಗಿರಬಹುದು. ಮೂತ್ರ ಅದಕ್ಕಿಂತ ಎಷ್ಟೋ ಮೊದಲು ಸುಳಿವು ಕೊಡುತ್ತದೆ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ನಿದ್ದೆಗೆಟ್ಟರೆ ಕಿಡ್ನಿ ಕೆಡುತ್ತದೆಯೇ? ನಾಲ್ಕು ರಾತ್ರಿ ನಿದ್ದೆ ಕೆಟ್ಟಿದ್ದಕ್ಕೆ ಯಾರ ಕಿಡ್ನಿಯೂ ಕೆಡುವುದಿಲ್ಲ. ವರ್ಷಗಟ್ಟಲೆ ಕೆಟ್ಟರೆ ಪೆಟ್ಟು ಬೀಳುತ್ತದೆ, ಆದರೆ ಹೆಚ್ಚಾಗಿ ರಕ್ತದೊತ್ತಡದ ಮೂಲಕ ಬೀಳುತ್ತದೆ. ಅವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ.

ಎರಡು ಕಿಡ್ನಿಗಳನ್ನು ಸೇರಿಸಿ ತೂಗಿದರೂ 300 ಗ್ರಾಂ ಆಸುಪಾಸು. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಐದನೇ ಒಂದು ಭಾಗ ಅವುಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿದ್ದು, ದಿನಕ್ಕೆ ಹತ್ತಿರ ಹತ್ತಿರ 180 ಲೀಟರ್ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹ ವಾಪಸ್ ಹೀರಿಕೊಂಡು, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಈ ಕೆಲಸ ದಿನವಿಡೀ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಸೋಸುವುದು ಹಗಲಲ್ಲಿ ಹೆಚ್ಚು, ರಾತ್ರಿ ಕಡಿಮೆ. ಉಪ್ಪನ್ನು ಹೊರಹಾಕುವುದೂ ಹಾಗೆಯೇ. ನೀರು ಹಿಡಿದಿಡುವ ಹಾರ್ಮೋನು ರಾತ್ರಿ ಹೆಚ್ಚಾಗುವುದರಿಂದ, ಆರೋಗ್ಯವಂತ ಯುವಕರು ರಾತ್ರಿ ಮಾಡುವ ಮೂತ್ರ ಇಡೀ ದಿನದ್ದರಲ್ಲಿ ಐದನೇ ಒಂದು ಪಾಲಿನಷ್ಟೇ. ನಮ್ಮ ಜೀವಕೋಶಗಳ ಒಳಗೇ ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಕಿಡ್ನಿಯ ಕೋಶಗಳೂ ಆ ಗಡಿಯಾರವನ್ನೇ ನೋಡಿಕೊಂಡು ಕೆಲಸ ಮಾಡುತ್ತವೆ.

ನಿದ್ದೆಯಲ್ಲಿ ರಕ್ತದೊತ್ತಡ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಆ ಜರಡಿಗಳ ಒಳಗಿನ ಒತ್ತಡ ದೇಹದ ಬೇರೆ ಸಣ್ಣ ರಕ್ತನಾಳಗಳಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು, ಸೋಸುವ ಕೆಲಸಕ್ಕೆ ಅದು ಬೇಕೇ ಬೇಕು. ಅವುಗಳಿಗೆ ಬಿಡುವು ಸಿಗುವುದು ರಾತ್ರಿಯ ಈ ಇಳಿಕೆಯಲ್ಲಿ ಮಾತ್ರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ನೀವೂ ನೋಡಿದ್ದೀರಿ, ನಿಮ್ಮ ತಾಲ್ಲೂಕಿನ ಅಂಚಿನಲ್ಲೇ ನಡೆದದ್ದು. ಆಗ ಮೊದಲು ಮಾಡಿದ ಕೆಲಸವೇನು? ಉಳಿದ ಗೇಟುಗಳನ್ನು ತೆರೆದು ನೀರು ಹರಿಯಬಿಟ್ಟು ಒತ್ತಡ ತಗ್ಗಿಸಿದ್ದು. ನಿದ್ದೆ ಕಿಡ್ನಿಗೆ ಪ್ರತಿ ರಾತ್ರಿಯೂ ಇದನ್ನೇ ಮಾಡುತ್ತದೆ. ನಾಲ್ಕು ತಾಸು ತುಂಡು ತುಂಡಾಗಿ ಮಲಗುವ ಹಲವರಲ್ಲಿ ಒತ್ತಡ ಸರಿಯಾಗಿ ಇಳಿಯುವುದಿಲ್ಲ, ಕೆಲವರಲ್ಲಿ ರಾತ್ರಿ ಹಗಲಿಗಿಂತ ಹೆಚ್ಚೂ ಇರುತ್ತದೆ. ಹಗಲು ಆಸ್ಪತ್ರೆಯಲ್ಲಿ ನೋಡಿದರೆ 136/84 ಎಂದು ಬರುವ ಮನುಷ್ಯನ ರಾತ್ರಿಯ ಒತ್ತಡ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ರಾತ್ರಿ ಇಳಿಯದ ಬಿಪಿ ಇರುವವರಲ್ಲಿ ಕಿಡ್ನಿ ಬೇಗ ಕುಗ್ಗುವುದನ್ನೂ, ಹೃದಯಕ್ಕೆ ತೊಂದರೆಯಾಗುವುದನ್ನೂ ಮತ್ತೆ ಮತ್ತೆ ಕಂಡಿದ್ದೇವೆ. ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲೂ 5 ತಾಸು ಅಥವಾ ಅದಕ್ಕಿಂತ ಕಡಿಮೆ ಮಲಗುವವರ ಕಿಡ್ನಿಯ ಶಕ್ತಿ, 7–8 ತಾಸು ಮಲಗುವವರಿಗಿಂತ ಬೇಗ ಇಳಿದದ್ದು ಕಂಡಿತು. ಇದರಿಂದ ನಿದ್ದೆಗೇಡೇ ಏಕೈಕ ಕಾರಣ ಎಂದು ಸಾಬೀತಾಗುವುದಿಲ್ಲ. ಆದರೂ ಕಡೆಗಣಿಸುವ ಸಂಗತಿಯಲ್ಲ.

ಇದಕ್ಕೆ ನಮ್ಮ ಊಟದ ಉಪ್ಪು ಸೇರುತ್ತದೆ. ರಾತ್ರಿ ಪಾಳಿಯ ನಡುವೆ ಹೊಟ್ಟೆಗೆ ಬೀಳುವುದು ಮಿರ್ಚಿ, ಮಂಡಕ್ಕಿ ಒಗ್ಗರಣೆ. ಮನೆಯ ಡಬ್ಬಿಯಲ್ಲಿ ರೊಟ್ಟಿಯ ಜೊತೆಗೆ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ. ಕಿಡ್ನಿ ಉಪ್ಪನ್ನು ಹೊರಗೆ ಹಾಕಲು ಹಿಂಜರಿಯುವ ಹೊತ್ತಿನಲ್ಲೇ ಉಪ್ಪು ತುಂಬುತ್ತೇವೆ. ಹಗಲಲ್ಲಿ ಹೊರಹೋಗದೆ ಉಳಿದ ಉಪ್ಪನ್ನು ರಾತ್ರಿ ತಳ್ಳಲು ದೇಹಕ್ಕೆ ಇರುವ ಉಪಾಯ ಒಂದೇ, ಒತ್ತಡ ಏರಿಸುವುದು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚದಷ್ಟು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೋಳದ ರೊಟ್ಟಿ, ಪಲ್ಯ, ಕಾಳು, ಮೊಸರು ಇರಲಿ. ಶೇಂಗಾ ಚಟ್ನಿಯನ್ನು ಉಪ್ಪು ಕಡಿಮೆ ಹಾಕಿ ಬೇರೆ ಕುಟ್ಟಿಡಿ. ಬೆವರು ಸುರಿಸುವವರಿಗೆ ಉಪ್ಪು ಹೆಚ್ಚು ಬೇಕಲ್ಲವೇ ಎಂದು ಕೇಳುತ್ತೀರಿ. ಬಿಪಿ 150 ಇರುವವರು ಆ ಲೆಕ್ಕವನ್ನು ವೈದ್ಯರಿಗೆ ಬಿಡುವುದು ಒಳ್ಳೆಯದು.

ನಿದ್ದೆಗೇಡಿನ ಇನ್ನೊಂದು ದಾರಿ ಸಕ್ಕರೆ ಕಾಯಿಲೆಯ ಕಡೆಗೆ ಹೋಗುತ್ತದೆ. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕರನ್ನು ಸತತ ಆರು ರಾತ್ರಿ ನಾಲ್ಕೇ ತಾಸು ಮಲಗಿಸಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಎದ್ದು ಕಾಣುವಂತೆ ಕುಗ್ಗಿತು. ಸಕ್ಕರೆ ಮತ್ತು ಬಿಪಿ, ಕಿಡ್ನಿಯನ್ನು ಕೆಡಿಸುವುದರಲ್ಲಿ ಈ ಎರಡೇ ಮುಂದು. ನಿಮ್ಮ ಯಜಮಾನರಿಗೆ ಈಗ ಸಕ್ಕರೆ ಇಲ್ಲದಿರುವುದು ಸಮಾಧಾನದ ಸಂಗತಿ. ವರ್ಷಕ್ಕೊಮ್ಮೆ ನೋಡಿಸುತ್ತಿರಿ.

ಇನ್ನು ನೀವು ಕೊನೆಗೆ ಬರೆದ ಗೊರಕೆ ಮತ್ತು ರಾತ್ರಿಯ ಮೂತ್ರ. ಇವೆರಡನ್ನೂ ನಾನು ಜೋಡಿಸಿಯೇ ಓದಿದೆ. ಸಾಮಾನ್ಯವಾಗಿ ಮೂತ್ರಕ್ಕೆ ಎದ್ದು ನಿದ್ದೆ ಕೆಡುತ್ತದೆ ಎಂದುಕೊಳ್ಳುತ್ತೇವೆ. ಇವರಲ್ಲಿ ಅದು ತಿರುವುಮುರುವಾಗಿರಬಹುದು. ಜೋರು ಗೊರಕೆಯವರಲ್ಲಿ ಹಲವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಹತ್ತು ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಬಿದ್ದು ಅರೆ ಎಚ್ಚರ ಮಾಡುತ್ತದೆ, ಬಿಪಿ ಒಮ್ಮೆಲೇ ಜಿಗಿಯುತ್ತದೆ, ಉಸಿರು ದಕ್ಕುತ್ತದೆ, ಮತ್ತೆ ಗೊರಕೆ. ಒಂದು ತಾಸಿಗೆ ಹತ್ತು, ಇಪ್ಪತ್ತು, ಮೂವತ್ತು ಸಲ ಹೀಗಾಗುವವರಿದ್ದಾರೆ, ಬೆಳಗ್ಗೆ ಒಂದೂ ಅವರಿಗೆ ನೆನಪಿರುವುದಿಲ್ಲ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯಲು ಹೆಣಗುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ರಕ್ತ ಹೆಚ್ಚಾಗಿದೆ ಎಂದು ಹೃದಯ ತಪ್ಪಾಗಿ ತಿಳಿದು, ಉಪ್ಪು ನೀರು ಹೊರಗೆ ಹಾಕು ಎನ್ನುವ ಹಾರ್ಮೋನನ್ನು ಕಿಡ್ನಿಗೆ ಕಳಿಸುತ್ತದೆ. ರಾತ್ರಿ ಮೂತ್ರ ಹೆಚ್ಚಾಗುವುದು ಹೀಗೆ. ಅಂದರೆ ಏಳಿಸಿದ್ದು ಮೂತ್ರಕೋಶವಲ್ಲ, ಗಂಟಲು.

ಇದನ್ನು ನೀವೇ ಗುರುತಿಸಬಲ್ಲಿರಿ, ಯಾವ ಯಂತ್ರವೂ ಬೇಡ. ಅವರು ಮಲಗಿ ಒಂದು ತಾಸಾದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಶ್ಶಬ್ದವಾಗುತ್ತದೆಯೇ? ಎದೆ ಹೊಟ್ಟೆ ಅಲುಗುತ್ತಿದ್ದರೂ ಮೂಗಿನಿಂದ ಉಸಿರಿಲ್ಲವೇ? ಆಮೇಲೆ ಬಿಕ್ಕಿದಂತೆ, ಉಸಿರುಗಟ್ಟಿ ಎದ್ದಂತೆ ಸದ್ದು ಬರುತ್ತದೆಯೇ? ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ಬಸ್ಸಿನಲ್ಲಿ ಕುಳಿತ ಕೂಡಲೇ ತೂಕಡಿಕೆ ಇವೆಯೇ ಎಂದು ಕೇಳಿ. ಹೌದಾದರೆ ಒಂದು ರಾತ್ರಿಯ ನಿದ್ರಾ ಪರೀಕ್ಷೆ ಬೇಕು. ಉಸಿರು ನಿಲ್ಲುತ್ತಿರುವುದು ಖಚಿತವಾದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಹೆಚ್ಚಿದ್ದರೆ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. ಈ ಚಿಕಿತ್ಸೆ ಹಿಡಿದ ಮೇಲೆ ರಾತ್ರಿ ಏಳುವುದು ಕಡಿಮೆಯಾದವರು, ಮೂರು ಮಾತ್ರೆಗೂ ಬಗ್ಗದ ಬಿಪಿ ಹತೋಟಿಗೆ ಬಂದವರು ನನ್ನ ರೋಗಿಗಳಲ್ಲೇ ಇದ್ದಾರೆ. ನಿದ್ದೆ ಬರಲೆಂದು ರಾತ್ರಿ ಪಾಳಿಯ ಮರುದಿನ ಬೆಳಗ್ಗೆ ಒಂದು ಕ್ವಾರ್ಟರ್ ಕುಡಿದು ಮಲಗುವ ಅಭ್ಯಾಸ ಕಾರ್ಮಿಕರಲ್ಲಿದೆ. ನಿಮ್ಮವರಿಗೆ ಇಲ್ಲದಿದ್ದರೆ ಸಂತೋಷ, ಇದ್ದರೆ ನಿಲ್ಲಿಸಲೇಬೇಕು. ಮದ್ಯವೂ ನಿದ್ದೆ ಮಾತ್ರೆಯೂ ಗಂಟಲಿನ ಸ್ನಾಯುಗಳನ್ನು ಸಡಿಲಿಸುತ್ತವೆ, ಉಸಿರು ಇನ್ನಷ್ಟು ಹೊತ್ತು ನಿಲ್ಲುತ್ತದೆ.

ರಾತ್ರಿ ಮೂತ್ರಕ್ಕೆ ಬೇರೆ ಕಾರಣಗಳೂ ಇವೆ. ಕಿಡ್ನಿ ಸೊರಗತೊಡಗಿದಾಗ ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಹೋಗಿ, ನಡುರಾತ್ರಿಯಲ್ಲೂ ನೀರಿನಂತಹ ಮೂತ್ರ ಬರುತ್ತದೆ. ಹಾಗಾಗಿಯೇ ಮೂತ್ರ ಪರೀಕ್ಷೆ ಬೇಕೆಂದು ಅಷ್ಟು ಒತ್ತಿ ಹೇಳಿದೆ. ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಕಾಲು ಸೆಳೆತ, ಮೈ ತುರಿಕೆ, ಮಲಗಿದರೆ ಏದುಸಿರು ಬಂದು ನಿದ್ದೆಯೇ ಹತ್ತುವುದಿಲ್ಲ. ನಿದ್ದೆಗೇಡು ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ನಿದ್ದೆಯನ್ನು ಕೆಡಿಸುತ್ತದೆ.

ಮಾತ್ರೆಯ ವಿಷಯ. ‘ಆಗಾಗ’ ಎಂದು ಬರೆದಿದ್ದೀರಿ. ದಯವಿಟ್ಟು ಎಣಿಸಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಸೀಸನ್ ಬಂದರೆ ರಾತ್ರಿ ಎರಡರವರೆಗೆ ಮಷೀನ್ ತುಳಿಯುತ್ತಿದ್ದ ನಲವತ್ತರ ಆಸುಪಾಸಿನ ಒಬ್ಬರು ನನ್ನ ಬಳಿ ಬಂದಿದ್ದರು. ಮುಖ ಊದಿಕೊಂಡಿತ್ತು, ಕ್ರಿಯಾಟಿನಿನ್ 6 ದಾಟಿತ್ತು. ಅವರೂ ಆಗಾಗ ಎಂದೇ ಅಂದರು. ಹೆಂಡತಿ ಎಣಿಸಿ ಹೇಳಿದಾಗ ದಿನಕ್ಕೆ ಎರಡರಂತೆ ಎಂಟು ತಿಂಗಳು. ಬೆನ್ನು ಹಿಡಿದುಕೊಂಡರೆ ಒಂದು, ನಿದ್ದೆಗೆಟ್ಟ ತಲೆನೋವಿಗೆ ಒಂದು. ಮಾತ್ರೆ ನಿಲ್ಲಿಸಿದ ಮೇಲೆ ಅವರ ಕಿಡ್ನಿ ಒಂದಷ್ಟು ಚೇತರಿಸಿಕೊಂಡಿತು, ಪೂರ್ತಿ ಮರಳಲಿಲ್ಲ. ಅವರ ಮುಖ ನನಗೆ ಇಂದಿಗೂ ನೆನಪಿದೆ, ಏಕೆಂದರೆ ಅದು ಸಂಪೂರ್ಣ ತಪ್ಪಿಸಬಹುದಾಗಿದ್ದ ನಷ್ಟ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್ ಗುಂಪಿನ ಮಾತ್ರೆಗಳು ನೋವನ್ನು ತಗ್ಗಿಸುವ ದಾರಿಯಲ್ಲೇ ಕಿಡ್ನಿಗೆ ರಕ್ತ ತರುವ ನಾಳವನ್ನೂ ಬಿಗಿಗೊಳಿಸುತ್ತವೆ. ದೇಹದಲ್ಲಿ ನೀರು ಸಾಕಷ್ಟಿದ್ದಾಗ ಒಂದೆರಡು ಮಾತ್ರೆಯನ್ನು ಕಿಡ್ನಿ ತಾಳಿಕೊಳ್ಳುತ್ತದೆ. ಕುಲುಮೆಯ ಮುಂದೆ ಬೆವರಿ ಒಣಗಿದ ದೇಹಕ್ಕೆ ಅದೇ ಮಾತ್ರೆ ಬಿದ್ದರೆ ಜರಡಿಗಳಿಗೆ ರಕ್ತವೇ ಸಾಲದಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳ ಜೊತೆ ಸೇರಿದರಂತೂ ಅಪಾಯ ಇಮ್ಮಡಿ. ಈ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರ 150/96ರಲ್ಲಿ ಈ ಮಾತ್ರೆಗಳ ಪಾಲೂ ಇರಬಹುದು. ಇಂದಿನಿಂದಲೇ ನಿಲ್ಲಿಸಿ. ತೀರಾ ನೋವಿದ್ದರೆ ಪ್ಯಾರಸಿಟಮಾಲ್ ಅನ್ನು ಮಿತಿಯಲ್ಲಿ ತೆಗೆದುಕೊಳ್ಳಲಿ. ಅಂಗಡಿಯಲ್ಲಿ ಕೊಳ್ಳುವಾಗ ಹೆಸರು ಓದಿ, ಎರಡು ಮೂರು ಮದ್ದು ಬೆರೆಸಿದ ಮಾತ್ರೆಗಳೇ ಹೆಚ್ಚು ಸಿಗುತ್ತವೆ.

ನೀರು ಐದು ಲೀಟರ್ ಎಂದು ಅಳೆದು ಕುಡಿಯುವ ಅಗತ್ಯವಿಲ್ಲ. ಹೆಚ್ಚು ನೀರು ಕುಡಿದರೆ ಕ್ರಿಯಾಟಿನಿನ್ ತೊಳೆದುಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಾಗೆಂದು ಕಡಿಮೆಯೂ ಕೂಡದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಅದರ ಮೇಲೆ ಕುಲುಮೆಯ ಝಳದಲ್ಲಿ ದಿನದಿನವೂ ಒಣಗುವುದು ಕಿಡ್ನಿಗೆ ಕೆಟ್ಟದ್ದೇ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆಯೂ ಬಿಪಿಯೂ ಇಲ್ಲದ ಯುವ ಕೂಲಿಗಳ ಕಿಡ್ನಿ ಕೆಟ್ಟದ್ದಕ್ಕೆ ಬಿಸಿಲಿನ ದುಡಿಮೆ, ನೀರಡಿಕೆ ದೊಡ್ಡ ಕಾರಣವೆಂದು ಶಂಕೆಯಿದೆ. ಕೆಲಸದ ಹೊತ್ತಿನಲ್ಲಿ ಅರ್ಧ ತಾಸಿಗೊಮ್ಮೆ ಒಂದು ಲೋಟ ಕುಡಿಯಲಿ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು, ಕಡು ಬಣ್ಣವಿದ್ದರೆ ಸಾಲದು. ಮಲಗುವ ಎರಡು ತಾಸು ಮೊದಲು ಕಡಿಮೆ ಮಾಡಲಿ. ಕಾಲು, ಮುಖ ಊದಿದರೆ ಈ ಲೆಕ್ಕ ಬದಲಾಗುತ್ತದೆ, ತಡಮಾಡದೆ ವೈದ್ಯರನ್ನು ಕಾಣಿ.

ಕೆಲಸ ಬಿಡಿಸಬೇಡಿ. ಮನೆಗೆ ಬರುವ ಸಂಬಳ ನಿಂತರೆ ಬರುವ ಚಿಂತೆಯೂ ನಿದ್ದೆ ಕೆಡಿಸುತ್ತದೆ, ಚಿಕಿತ್ಸೆಯೂ ನಿಲ್ಲುತ್ತದೆ. ಬಿಪಿ ಹತೋಟಿಗೆ ಬರುವವರೆಗೆ ಎರಡು ಮೂರು ತಿಂಗಳು ರಾತ್ರಿ ಪಾಳಿ ತಪ್ಪಿಸಿಕೊಡಿ ಎಂದು ವರದಿಗಳನ್ನು ತೋರಿಸಿ ಕಾರ್ಖಾನೆಯ ವೈದ್ಯಾಧಿಕಾರಿಯನ್ನು ಕೇಳಲಿ, ಕೇಳುವುದರಲ್ಲಿ ಸಂಕೋಚವಿಲ್ಲ. ಪಾಳಿ ಬದಲಾಗಲೇಬೇಕಾದರೆ ಬೆಳಗಿನದು, ಮಧ್ಯಾಹ್ನದ್ದು, ರಾತ್ರಿಯದು ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯುವುದು ದೇಹಕ್ಕೆ ಸುಲಭ, ಹಿಂದಕ್ಕೆ ಸರಿಯುವುದು ಕಷ್ಟ. ನಮ್ಮ ಒಳಗಡಿಯಾರದ ದಿನ 24 ತಾಸಿಗಿಂತ ತುಸು ಉದ್ದ, ತಡವಾಗಿ ಮಲಗುವುದಕ್ಕೆ ಅದು ಒಪ್ಪುತ್ತದೆ, ಬೇಗ ಮಲಗುವುದಕ್ಕೆ ಒಪ್ಪುವುದಿಲ್ಲ.

ರಾತ್ರಿ ಪಾಳಿಯ ವಾರದಲ್ಲಿ ಹಗಲಿನ ನಿದ್ದೆಯನ್ನು ಕಾಪಾಡುವುದು ನಿಮ್ಮ ಇಡೀ ಮನೆಯ ಕೆಲಸ. ಕಿಟಕಿಗೆ ದಪ್ಪ ಕಂಬಳಿಯನ್ನಾದರೂ ಕಟ್ಟಿ ಕತ್ತಲು ಮಾಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪಾಳಿಯಲ್ಲಿ ಕೊನೆಯ ಚಹಾ ರಾತ್ರಿ ಎರಡಕ್ಕೆ ಮುಗಿಯಬೇಕು, ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ತಾಸಿನ ನಂತರವೂ ರಕ್ತದಲ್ಲಿರುತ್ತದೆ. ಬಂದ ಕೂಡಲೇ ಹಗುರ ಊಟ ಮಾಡಿ ಮಲಗಲಿ. ನಾಲ್ಕೇ ತಾಸಿಗೆ ಎಚ್ಚರವಾದರೆ ಸಂಜೆ ಪಾಳಿಗೆ ಹೊರಡುವ ಮೊದಲು ಇನ್ನೊಂದೂವರೆ ತಾಸು ಮಲಗಿದರೂ ಲಾಭವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಕೋಣೆ ಕಾದ ಹೆಂಚಾಗುತ್ತದೆ, ಗೊತ್ತು. ಹಳೆಯ ಮಣ್ಣಿನ ಮಾಳಿಗೆಯ ಕೋಣೆ ಇದ್ದರೆ ಅದನ್ನೇ ಅವರಿಗೆ ಬಿಡಿ, ಸಿಮೆಂಟಿನ ಕೋಣೆಗಿಂತ ತಂಪಾಗಿರುತ್ತದೆ. ಹಗಲು ಪಾಳಿಯ ವಾರಗಳಲ್ಲಿ ಒಂದು ಗಂಟೆಯವರೆಗೆ ಮೊಬೈಲ್ ನೋಡುವುದು ಮಾತ್ರ ಪಾಳಿಯ ತಪ್ಪಲ್ಲ. ಅದನ್ನು ಅವರೇ ಬಿಡಬೇಕು, ನಾನು ಹೇಳಿದೆ ಎಂದು ಈ ಸಾಲನ್ನು ಅವರಿಗೆ ಓದಿ ಹೇಳಿ.

ಬಿಪಿ ಅಳೆಯುವ, ತೋಳಿಗೆ ಕಟ್ಟುವ ಯಂತ್ರವೊಂದನ್ನು ಕೊಳ್ಳಿ. ಕೊಳ್ಳಲಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿ. ಪಾಳಿಯವರಿಗೆ ಬೆಳಗ್ಗೆ, ಸಂಜೆ ಎಂಬ ಲೆಕ್ಕ ಹೊಂದುವುದಿಲ್ಲ. ಎದ್ದ ಮೇಲೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಐದು ನಿಮಿಷ ಸುಮ್ಮನೆ ಕುಳಿತು ನೋಡಿ ಬರೆದಿಡಿ. 130/80ರ ಕೆಳಗೆ ತರುವುದು ಗುರಿ. ವೈದ್ಯರು ಮಾತ್ರೆ ಕೊಟ್ಟರೆ ಅದನ್ನೂ ಎಚ್ಚರವಾಗುವ ಹೊತ್ತಿಗೆ ಕಟ್ಟಿಹಾಕಿ, ಮರೆಯುವುದಿಲ್ಲ. ಬಿಪಿ ಮಾತ್ರೆಯನ್ನು ರಾತ್ರಿಯೇ ತಿನ್ನಬೇಕೆಂಬ ಮಾತು ಹರಡಿದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಬೆಳಗ್ಗೆ ತಿಂದವರಿಗೂ ಸಂಜೆ ತಿಂದವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ತಿನ್ನುವುದಷ್ಟೇ ಮುಖ್ಯ.

ಒಂದು ಮಾತು ನಿಮಗೆ. ಅವರ ಡಬ್ಬಿ ಕಟ್ಟಲು, ಬಾಗಿಲು ತೆರೆಯಲು ನೀವೂ ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತೀರಿ. ಗೊರಕೆಯ ಪಕ್ಕದಲ್ಲಿ ಹತ್ತು ವರ್ಷ ಮಲಗಿದ್ದೀರಿ. ಅವರ ಜೊತೆ ನಿಮ್ಮ ಬಿಪಿಯನ್ನೂ ನೋಡಿಸಿ, ಇದನ್ನು ಮುಂದೂಡಬೇಡಿ.

ಮುಂದಿನ ಪರೀಕ್ಷೆ ಮುಗಿಸಿ ಕಿಡ್ನಿ ವೈದ್ಯರನ್ನು ಕಾಣಲು ಹೋಗುವಾಗ ಎರಡೂ ಸಲದ ವರದಿ, ಬರೆದಿಟ್ಟ ಬಿಪಿ, ಗೊರಕೆಯ ವಿಡಿಯೊ ಇರಲಿ. ಜೊತೆಗೆ ಅವರ ಅಂಗಿಯ ಜೇಬು, ಡಬ್ಬಿಯ ಚೀಲ, ಬೈಕಿನ ಡಿಕ್ಕಿ ಹುಡುಕಿ, ಸಿಕ್ಕ ನೋವಿನ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಆ ಕವರನ್ನೇ ಮೊದಲು ವೈದ್ಯರ ಮೇಜಿನ ಮೇಲೆ ಇಡಿ.